ನಡವಳಿ ಪುಸ್ತಕದ ಕರ್ತೃಪದ

ನಮ್ಮ ಪತ್ರಿಕೆಯ ವಿಮರ್ಶೆಯ ಪುಟಗಳಲ್ಲಿ ಕಾವ್ಯ, ನಾಟಕ, ಕಾದಂಬರಿಗಳ ಗುಣದೋಷವಿಚಾರ ನಡೆಯುವುದು ವಾಡಿಕೆ. ಈ ಸಲ ನಾನು ವಿಮರ್ಶೆಗೆ ಎತ್ತಿಕೊಂಡಿರುವ ಗ್ರಂಥವು ಯಾವ ಅಂಗಡಿಯಲ್ಲಿಯೂ ದೊರೆಯತಕ್ಕದ್ದಲ್ಲ. ಅದಕ್ಕೆ ಮುನ್ನುಡಿಯಿಲ್ಲ, ಅರ್ಪಣೆಯಿಲ್ಲ, ಗ್ರಂಥಕರ್ತನ ಹೆಸರೂ ಇಲ್ಲ. ಆದರೂ ಕನ್ನಡನಾಡಿನ ಹಳ್ಳಿಗಳಲ್ಲಿ ಅದು ತಿಂಗಳು ತಿಂಗಳಿಗೂ ಬೆಳೆಯುತ್ತಿರುವ ಗದ್ಯ. ಗ್ರಾಮಪಂಚಾಯಿತಿಯ ನಡವಳಿ ಪುಸ್ತಕವೆಂಬುದೇ ಆ ಗ್ರಂಥ. ಇದೂ ಸಾಹಿತ್ಯವೇ ಎಂದು ವಾಚಕ ಮಹಾಶಯರು ಕೇಳಬಹುದು. ಶಬ್ದವೂ ಅರ್ಥವೂ ಕೂಡಿ ನಡೆಯುವುದು ಸಾಹಿತ್ಯವೆಂದು ಆಲಂಕಾರಿಕರು ಹೇಳಿರುವರಷ್ಟೆ. ಎಲ್ಲಿ ಅವೆರಡೂ ಒಂದನ್ನೊಂದು ಕೈಬಿಟ್ಟಿವೆಯೋ ಅಲ್ಲಿಯೂ ವಿಮರ್ಶಕನಿಗೆ ಕೆಲಸವುಂಟೆಂಬುದು ನನ್ನ ಮತ.

ಇದನ್ನು ಬರೆಯುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅಂಥ ಒಂದು ಪುಸ್ತಕದ ಕೆಲವು ಪುಟಗಳನ್ನು ಬರೆದ ಕೈ ನನ್ನದೇ.

1993ರ ಡಿಸೆಂಬರಿನಲ್ಲಿ ಹೊಸ ಕಾನೂನಿನಂತೆ ಗ್ರಾಮಪಂಚಾಯಿತಿಗಳಿಗೆ ಚುನಾವಣೆಗಳು ನಡೆದುವು. ಆಗ ನಾನು ಒಂದು ಹಳ್ಳಿಯಲ್ಲಿ ಉಪಾಧ್ಯಾಯನಾಗಿದ್ದೆ. ಪಂಚಾಯಿತಿಯ ಕಾರ್ಯದರ್ಶಿಯವರಿಗೆ ಎರಡು ಪಂಚಾಯಿತಿಗಳ ಹೊಣೆ. ಅವರ ಅಕ್ಷರವಂತೂ ಅವರಿಗೇ ಓದಲು ಬಾರದು. ಪಾಠಶಾಲೆಯಲ್ಲಿ ತಾಳೆಗರಿಯ ಪ್ರತಿಗಳನ್ನು ನಕಲುಮಾಡಿ ದುಂಡಗಾಗಿದ್ದ ನನ್ನ ಅಕ್ಷರ ಅವರ ಕಣ್ಣಿಗೆ ಬಿದ್ದು, ಸಭೆಯ ದಿನ ಸಂಜೆ ನನ್ನನ್ನು ಕರೆದು ಕೂರಿಸಿಕೊಂಡು ನಡವಳಿ ಬರೆಯಿಸುವುದು ರೂಢಿಯಾಯಿತು. ಆ ಸಭೆಯಲ್ಲಿ ಪರಿಶಿಷ್ಟ ಜಾತಿಯ ಸ್ತ್ರೀಯರಿಗೆಂದು ಕಾದಿರಿಸಿದ ಸ್ಥಾನದಿಂದ ಆಯ್ಕೆಯಾಗಿ ಬಂದ ಒಬ್ಬ ಹೆಂಗಸಿದ್ದಳು. ಕೂಲಿ ಮಾಡುವವಳು, ಓದು ಬಾರದವಳು. ಮಡಿಸುವ ಕುರ್ಚಿಗಳು ಏಳೇ ಇದ್ದುದರಿಂದ ಆಕೆಯೂ ಇತರ ಹೆಂಗಸರೂ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಿದ್ದರು. ಆಕೆ ಬೆಂಚಿನ ತುದಿಯಲ್ಲಿ ಅರ್ಧ ಕುಳಿತು ಅರ್ಧ ನಿಂತಂತೆ ಇರುತ್ತಿದ್ದಳು. 1994ರ ಬೇಸಿಗೆಯ ಒಂದು ಸಭೆಯಲ್ಲಿ ಆಕೆ ಮೊದಲ ಸಲ ಬಾಯಿ ತೆರೆದಳು. ಅಧ್ಯಕ್ಷರ ಕಡೆಗಲ್ಲ, ಬರೆಯುತ್ತಿದ್ದ ನನ್ನ ಕಡೆಗೆ ತಿರುಗಿ ಹೇಳಿದ ಮಾತು ಇದು:

“ಐನೋರೆ, ಮೇಗಳ ಕೇರಿಗೆ ಬೆಳಿಗ್ಗೆ ನೀರು ಬಿಡ್ತಾನೆ, ನಮ್ ಕೇರಿಗೆ ಕತ್ಲಾದ್ಮೇಲೆ ಬಿಡ್ತಾನೆ. ಕತ್ಲಲ್ಲಿ ಕೊಡ ಹಿಡ್ಕೊಂಡು ನಿಲ್ಲೋರು ನಾವು ಹೆಂಗಸ್ರು. ವಾಲು ತಿರುವೋನು ಯಾರ ಮಾತು ಕೇಳ್ತಾನೆ ಅಂತ ಬರ್ಕಳಿ.”

ನಾನು ಬರೆದುಕೊಂಡೆ. ಬರೆದದ್ದು ಹೀಗೆ:

“ಮಾನ್ಯ ಸದಸ್ಯೆಯವರು ಕುಡಿಯುವ ನೀರಿನ ವಿಷಯವಾಗಿ ಪ್ರಸ್ತಾಪಿಸಿದ್ದು, ಈ ಬಗ್ಗೆ ಕೂಲಂಕಷವಾಗಿ ಚರ್ಚಿಸಿ, ಗ್ರಾಮದ ಎಲ್ಲ ಭಾಗಗಳಿಗೂ ಸಮರ್ಪಕವಾಗಿ ನೀರು ಒದಗಿಸಲು ಸೂಕ್ತ ಕ್ರಮ ಕೈಗೊಳ್ಳುವುದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.”

ಕಾರ್ಯದರ್ಶಿಗಳು ಓದಿ ತಲೆದೂಗಿದರು. ನನಗೂ ಆ ವಾಕ್ಯದ ಮೇಲೆ ಅಭಿಮಾನವಿತ್ತೆಂದು ಒಪ್ಪಿಕೊಳ್ಳಬೇಕು. ಎಲ್ಲರ ಸಹಿಗಳ ಕೆಳಗೆ ಆಕೆಯೂ ಹೆಬ್ಬೆಟ್ಟು ಒತ್ತಿದಳು.

ಈಗ ಎರಡು ಪಾಠಗಳನ್ನೂ ಎದುರಿಗಿಟ್ಟುಕೊಂಡು ನೋಡೋಣ. ಮಮ್ಮಟನು ವಾಕ್ಯದೋಷಗಳನ್ನು ಎಣಿಸುವಾಗ ನ್ಯೂನಪದವೆಂದೊಂದನ್ನೂ ಅಧಿಕಪದವೆಂದೊಂದನ್ನೂ ಹೇಳುತ್ತಾನೆ. ಬೇಕಾದ ಪದವಿಲ್ಲದಿರುವುದು ಮೊದಲನೆಯದು, ಬೇಡದ ಪದವಿರುವುದು ಎರಡನೆಯದು. ನನ್ನ ವಾಕ್ಯದಲ್ಲಿ ಕತ್ತಲೆಯಿಲ್ಲ, ಕೊಡವಿಲ್ಲ, ಕೇರಿಯಿಲ್ಲ, ವಾಲಿಲ್ಲ, ಅದನ್ನು ತಿರುವುವವನೂ ಇಲ್ಲ. ಇವಕ್ಕೆ ಬದಲಾಗಿ ಸಮರ್ಪಕ, ಸೂಕ್ತ, ಕೂಲಂಕಷ ಎಂಬ ಮೂವರು ಅತಿಥಿಗಳು ಬಂದು ಕುಳಿತಿದ್ದಾರೆ. ಕೂಲಂಕಷವೆಂಬುದು ದಡವನ್ನು ಕೊರೆಯುತ್ತ ಹರಿಯುವ ನದಿಗೆ ಹೇಳತಕ್ಕ ಮಾತು. ಆ ದಿನದ ಚರ್ಚೆಯಾದರೋ ದಡವನ್ನು ಮುಟ್ಟಲೂ ಇಲ್ಲ. ಒಬ್ಬರು ನಕ್ಕರು, ಒಬ್ಬರು “ನೀನು ಸುಮ್ಮನಿರಮ್ಮ, ಆಮೇಲೆ ನೋಡೋಣ” ಎಂದರು, ಅಲ್ಲಿಗೆ ಮುಗಿಯಿತು. ಬಾಯಲ್ಲಿ ನೀನು, ಪುಸ್ತಕದಲ್ಲಿ ಮಾನ್ಯ ಸದಸ್ಯೆಯವರು! ಬಹುವಚನವನ್ನು ನಾವು ಕಾಗದಕ್ಕೆ ಕೊಟ್ಟೆವು, ಮನುಷ್ಯಳಿಗೆ ಕೊಡಲಿಲ್ಲ.

ಇವೆರಡು ಸಣ್ಣ ದೋಷಗಳು. ದೊಡ್ಡದು ಅವಿಮೃಷ್ಟವಿಧೇಯಾಂಶವೆಂಬುದು. ವಾಕ್ಯದಲ್ಲಿ ಯಾವುದನ್ನು ಮುಖ್ಯವಾಗಿ ಹೇಳಬೇಕೋ ಅದನ್ನು ಹಿಂದೆ ನೂಕಿ, ಅದರ ಪ್ರಾಧಾನ್ಯವನ್ನು ಕೆಡಿಸುವುದಕ್ಕೆ ಆ ಹೆಸರು. ಆಕೆಯ ಮಾತಿನಲ್ಲಿ ವಿಧೇಯವು ನೀರಲ್ಲ. ನೀರು ಇದೆ, ಹೊತ್ತು ಬೇರೆ. ಹೊತ್ತನ್ನು ಗೊತ್ತುಮಾಡುವವನು ಯಾರು, ಅವನು ಯಾರ ಮಾತು ಕೇಳುವನು, ಇದು ವಿಧೇಯ. ಒಂದು ಊರಿನ ರಾಜ್ಯಶಾಸ್ತ್ರವೆಲ್ಲ ಆ ಒಂದು ಪ್ರಶ್ನೆಯಲ್ಲಿ ಅಡಗಿತ್ತು. ಅದನ್ನು ನಾನು ನೀರಿನ ಕೊರತೆಯ ಸಾಮಾನ್ಯ ಅರ್ಜಿಯನ್ನಾಗಿ ಮಾಡಿಬಿಟ್ಟೆ.

ಇನ್ನು ಕ್ರಿಯಾಪದ. ಕ್ರಿಯೆಯಲ್ಲಿ ಯಾರು ಸ್ವತಂತ್ರರೋ ಅವರು ಕರ್ತೃವೆಂದು ಪಾಣಿನಿಯ ಲಕ್ಷಣ. ಕರ್ಮಣಿಪ್ರಯೋಗದಲ್ಲಿ ಕರ್ತೃವು ತೃತೀಯಾವಿಭಕ್ತಿಗೆ ಇಳಿದರೂ ಮನೆಬಿಟ್ಟು ಹೋಗುವುದಿಲ್ಲ. ರಾಮನಿಂದ ರಾವಣನು ಕೊಲ್ಲಲ್ಪಟ್ಟನೆಂದರೆ ಕೊಂದವನು ಯಾರೆಂಬುದು ತಿಳಿದೇ ಇರುತ್ತದೆ. ತೀರ್ಮಾನಿಸಲಾಯಿತು, ಸೂಚಿಸಲಾಯಿತು, ಕ್ರಮ ಕೈಗೊಳ್ಳಲಾಗುವುದು ಎಂಬಿವು ಕರ್ಮಣಿಯೂ ಅಲ್ಲ, ಭಾವೇಪ್ರಯೋಗವೂ ಅಲ್ಲ. ಕಚೇರಿಯಲ್ಲಿ ಹುಟ್ಟಿದ ಮೂರನೆಯ ಜಾತಿ. ನಮ್ಮ ಹಳ್ಳಿಗರ ಆಡುನುಡಿಯಲ್ಲಿ ಇವು ಇಲ್ಲವೇ ಇಲ್ಲ. ಬಿಡ್ತಾನೆ, ತಿರುವೋನು, ನಿಲ್ಲೋರು ಎಂದು ಆಕೆ ಆಡಿದ ಒಂದೊಂದು ಕ್ರಿಯೆಗೂ ಒಬ್ಬೊಬ್ಬ ಕರ್ತೃವಿದ್ದಾನೆ, ಇದ್ದಾಳೆ. ವ್ಯಾಕರಣ ಓದಿದವನು ನಾನು; ಕರ್ತೃಪದವನ್ನು ಅಳಿಸಿದವನೂ ನಾನೇ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಕಡತಕ್ಕೆ ಸಂಕ್ಷೇಪ ಬೇಕು, ಗಾಂಭೀರ್ಯ ಬೇಕು. ಕೇರಿಯ ಮಾತನ್ನು ಹಾಗೆಯೇ ಬರೆಯಲಾದೀತೇ? ಸಂಕ್ಷೇಪದ ಮಾತಾದರೆ, ಎಣಿಸಿ ನೋಡಿ, ಎರಡೂ ಹೆಚ್ಚುಕಡಮೆ ಒಂದೇ ಉದ್ದ. ಗಾಂಭೀರ್ಯದ ಮಾತಿಗೆ ಉತ್ತರವನ್ನು ಮುಂದಿನ ಘಟನೆಯೇ ಹೇಳಿತು. ಮೂರು ತಿಂಗಳಾದರೂ ನೀರಿನ ಹೊತ್ತು ಬದಲಾಗಲಿಲ್ಲ. ಆಕೆ ಮತ್ತೆ ಎದ್ದು ಕೇಳಿದಾಗ ಕಾರ್ಯದರ್ಶಿಗಳು ಪುಸ್ತಕವನ್ನು ಬಿಡಿಸಿ, “ನೋಡಮ್ಮ, ಇದು ಆಗಲೇ ತೀರ್ಮಾನವಾಗಿದೆ. ನೀನೇ ಹೆಬ್ಬೆಟ್ಟು ಒತ್ತಿದ್ದೀಯೆ” ಎಂದರು. ತೋರಿಸಿದ್ದು ನನ್ನ ವಾಕ್ಯವನ್ನು. ನೀರುಗಂಟಿಗೆ ಅಪ್ಪಣೆ ಮಾಡೋಣವೆಂದರೆ ಅದರಲ್ಲಿ ನೀರುಗಂಟಿಯೇ ಇಲ್ಲ. ಆಕೆಯ ಬಾಯಿಂದ ಹೊರಟ ದೂರು ನನ್ನ ಕೈಯಲ್ಲಿ ತಿರುಗಿ ಆಕೆಯ ಬಾಯಿಗೇ ಬೀಗವಾಯಿತು. ಮುಂದಿನ ಸಭೆಗಳಲ್ಲಿ ಆಕೆ ಮಾತನಾಡಿದ ನೆನಪು ನನಗಿಲ್ಲ. ಹೆಬ್ಬೆಟ್ಟುಗಳು ಮಾತ್ರ ಕ್ರಮವಾಗಿ ಇವೆ.

ಇಷ್ಟು ದೂರ ಬಂದ ಮೇಲೆ ಆಕೆಯನ್ನು ಆ ಬೆಂಚಿನವರೆಗೆ ಕರೆತಂದ ಶಾಸನದ ಮಾತನ್ನೂ ಹೇಳಬೇಕು. 1948ರ ನವೆಂಬರ್ 4ರಂದು ಸಂವಿಧಾನಸಭೆಯಲ್ಲಿ ಮಾತನಾಡುತ್ತ ಡಾಕ್ಟರ್ ಅಂಬೇಡ್ಕರರು ಹಳ್ಳಿಯನ್ನು ರಾಜ್ಯದ ಮೂಲಘಟಕವಾಗಿ ಎಣಿಸಲು ಒಪ್ಪಲಿಲ್ಲ. ಹಳ್ಳಿಯ ಕಟ್ಟೆಯ ಮೇಲೆ ಯಾರು ಕೂರುವರೆಂಬುದು ಅವರಿಗೆ ತಿಳಿದಿತ್ತು. 1957ರಲ್ಲಿ ಬಲವಂತರಾಯ ಮೆಹತಾ ಸಮಿತಿಯು ಪಂಚಾಯಿತಿಗೆ ಇಬ್ಬರು ಸ್ತ್ರೀಯರನ್ನು ಸೇರಿಸಿಕೊಳ್ಳಬೇಕೆಂದಿತು. ಆದರೆ ಚುನಾವಣೆಯಿಂದಲ್ಲ, ಕರೆದು ಕೂರಿಸುವುದರಿಂದ. ನಮ್ಮ ಕರ್ನಾಟಕದಲ್ಲಿ 1983ರ ಕಾನೂನು ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ನಾಲ್ಕರಲ್ಲೊಂದು ಪಾಲನ್ನು ಸ್ತ್ರೀಯರಿಗೆ ಕಾದಿರಿಸಿತು. ಅದರ ಹಿಂದೆ ದುಡಿದ ಮಂತ್ರಿ ಅಬ್ದುಲ್ ನಜೀರ್ ಸಾಬರನ್ನು ಹಳ್ಳಿಗರು ಕೊಳವೆಬಾವಿಗಳ ದೆಸೆಯಿಂದ ನೀರ್ ಸಾಬ್ ಎಂದು ಕರೆದರು. 1987ರ ಜನವರಿಯಲ್ಲಿ ಅದರ ಚುನಾವಣೆ ನಡೆಯಿತು. ಸಂವಿಧಾನದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಕರ್ನಾಟಕದ ಪಂಚಾಯತ್ ರಾಜ್ ಕಾನೂನು ಅದೇ ಮೇ 10ರಂದು. ಪರಿಶಿಷ್ಟರಿಗೆ ಜನಸಂಖ್ಯೆಗೆ ಅನುಗುಣವಾಗಿ ಸ್ಥಾನಗಳು, ಆ ಸ್ಥಾನಗಳೊಳಗೂ ಮೂರರಲ್ಲೊಂದಕ್ಕೆ ಕಡಮೆಯಾಗದಂತೆ ಆ ವರ್ಗದ ಸ್ತ್ರೀಯರಿಗೆ, ಅಧ್ಯಕ್ಷಪದವಿಗಳಲ್ಲಿಯೂ ಹಾಗೆಯೇ ಪಾಲು. 2010ರಲ್ಲಿ ನಮ್ಮ ರಾಜ್ಯವು ಸ್ತ್ರೀಯರ ಪಾಲನ್ನು ಅರ್ಧಕ್ಕೆ ಏರಿಸಿತು. ಶಾಸನದ ವಾಕ್ಯದಲ್ಲಿ ಆಕೆ ಕರ್ತೃವಾಗಿಯೇ ಇದ್ದಾಳೆ. ಊರಿನ ವಾಕ್ಯಕ್ಕೆ ಇಳಿಯುವಾಗ ವಿಭಕ್ತಿ ಬದಲಾಗುತ್ತದೆ.

ಅಧ್ಯಕ್ಷನೆಂಬುದು ಹಳೆಯ ಪದ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣಕ್ಕೆ ಅಧ್ಯಕ್ಷಪ್ರಚಾರವೆಂದೇ ಹೆಸರು. ಆ ಗ್ರಂಥವನ್ನು ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟರೆಂಬುದು ನಮಗೆ ಹೆಮ್ಮೆಯ ಮಾತು. ಅದರಲ್ಲಿ ನೂಲಿಗೆ, ಹೊಲಕ್ಕೆ, ಸುಂಕಕ್ಕೆ, ಆನೆಗೆ ಒಬ್ಬೊಬ್ಬ ಅಧ್ಯಕ್ಷನುಂಟು. ನಿರ್ಗತಿಕ ವಿಧವೆಯರು ಸೂತ್ರಾಧ್ಯಕ್ಷನ ಬಳಿ ನೂಲು ಕೊಟ್ಟು ಕೂಲಿ ಪಡೆಯುವವರಾಗಿ ಬರುತ್ತಾರೆ, ಅಧ್ಯಕ್ಷೆಯರಾಗಿ ಬರುವುದಿಲ್ಲ. ಆದುದರಿಂದ ಅಧ್ಯಕ್ಷೆ ಎಂಬ ಸ್ತ್ರೀಲಿಂಗರೂಪ ಊರಿನವರ ಬಾಯಿಗೆ ಹೊಂದಿಕೊಳ್ಳುವ ಮೊದಲೇ ಅಧ್ಯಕ್ಷಪತಿ ಎಂಬ ಸಮಾಸ ಹುಟ್ಟಿತು. ಉತ್ತರದ ಕಡೆ ಸರಪಂಚಪತಿ, ಪ್ರಧಾನಪತಿ ಎನ್ನುವರು. ವಿಗ್ರಹಿಸಿದರೆ ಅಧ್ಯಕ್ಷೆಯ ಪತಿ, ಷಷ್ಠೀತತ್ಪುರುಷ. ತತ್ಪುರುಷದಲ್ಲಿ ಉತ್ತರಪದಕ್ಕೆ ಪ್ರಾಧಾನ್ಯವೆಂದು ನಾವು ಹುಡುಗರಿಗೆ ಕಲಿಸುತ್ತೇವೆ; ಇಲ್ಲಿ ಅದು ಅಕ್ಷರಶಃ ಸತ್ಯವಾಗಿದೆ. ಕೆಲವೆಡೆ ಪತಿಯೇ ಅಧ್ಯಕ್ಷನೆಂದು ಕರ್ಮಧಾರಯ ಮಾಡಿಕೊಂಡು ಕುರ್ಚಿಯ ಮೇಲೆ ಕುಳಿತುಬಿಡುವುದೂ ಉಂಟು. 2023ರಲ್ಲಿ ಕೇಂದ್ರದ ಪಂಚಾಯತಿ ರಾಜ್ ಮಂತ್ರಾಲಯವು ಈ ಪತಿಗಳ ವಿಷಯವನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿತು. ಅದರ ವರದಿಯಲ್ಲಿ ಇಂಥವರಿಗೆ ಕಠಿಣವಾದ ದಂಡನೆಯಾಗಬೇಕೆಂಬ ಸಲಹೆಯಿದೆ.

ಒಳ್ಳೆಯದೇ. ಆದರೆ ಪತಿಶಬ್ದಕ್ಕೆ ಎರಡರ್ಥವುಂಟೆಂಬುದನ್ನು ಮರೆಯಬಾರದು. ಗಂಡನೆಂಬುದೊಂದು, ಒಡೆಯನೆಂಬುದೊಂದು. ಮೇಲುಜಾತಿಯ ಅಧ್ಯಕ್ಷೆಗೆ ಬದಲಾಗಿ ಗಂಡ ಬಂದು ಕುಳಿತುಕೊಳ್ಳುತ್ತಾನೆ. ಕೂಲಿಯವಳು ಅಧ್ಯಕ್ಷೆಯಾದಾಗ ಆಕೆಯ ಗಂಡನಿಗೂ ಆ ಮೆಟ್ಟಿಲು ಹತ್ತುವ ಧೈರ್ಯ ಸುಲಭವಾಗಿ ಬರುವುದಿಲ್ಲ. ಗಂಡಹೆಂಡಿರಿಬ್ಬರೂ ಯಾರ ಹೊಲದಲ್ಲಿ ಕೂಲಿ ಮಾಡುವರೋ ಆ ಪತಿಯು ಮನೆಯಲ್ಲಿ ಕುಳಿತೇ ಕೆಲಸ ನಡೆಸುತ್ತಾನೆ. ಚುನಾವಣೆಗೆ ಅರ್ಜಿಯ ಹಣ ಕಟ್ಟಿದವನು ಅವನು, ಮಗಳ ಮದುವೆಗೆ ಸಾಲ ಕೊಟ್ಟವನು ಅವನು. ಮಾತು ಮೀರಿದರೆ ಅವಿಶ್ವಾಸನಿರ್ಣಯಕ್ಕೆ ಕೈ ಎತ್ತಿಸುವವನೂ ಅವನೇ. ಗಂಡನನ್ನು ದಂಡಿಸುವ ನಿಯಮ ಈ ಎರಡನೆಯ ಪತಿಯನ್ನು ಮುಟ್ಟುವುದು ಹೇಗೆ? ನಡವಳಿ ಪುಸ್ತಕದಲ್ಲಂತೂ ಅವನ ಹೆಸರಿಲ್ಲ. ಕರ್ತೃವಿಲ್ಲದ ಕ್ರಿಯಾಪದವು ಯಾರಿಗೆ ಅನುಕೂಲವೆಂಬುದು ಈಗ ತಿಳಿಯುತ್ತದೆ.

ನಮ್ಮಲ್ಲಿ ಬೆಂಚಿನ ತುದಿಯಾದರೂ ದೊರಕಿತು. ನೆರೆಯ ತಮಿಳುನಾಡಿನ ಕಡಲೂರು ಜಿಲ್ಲೆಯ ತೆರ್ಕುತಿಟ್ಟೈ ಎಂಬ ಪಂಚಾಯಿತಿಯಲ್ಲಿ ದಲಿತ ಅಧ್ಯಕ್ಷೆಯು ನೆಲದ ಮೇಲೂ ಇತರರು ಕುರ್ಚಿಗಳ ಮೇಲೂ ಕುಳಿತಿರುವ ಚಿತ್ರವೊಂದು 2020ರ ಅಕ್ಟೋಬರಿನಲ್ಲಿ ಊರೂರಿಗೆ ಹರಡಿ, ಕೊನೆಗೆ ಪ್ರಕರಣ ದಾಖಲಾಯಿತು. ಅದೇ ವರ್ಷ ಆಗಸ್ಟ್ 15ರಂದು ತಿರುವಳ್ಳೂರು ಜಿಲ್ಲೆಯ ಆತುಪಾಕ್ಕಂ ಎಂಬಲ್ಲಿ ದಲಿತ ಅಧ್ಯಕ್ಷೆಗೆ ಧ್ವಜವೇರಿಸಲು ಬಿಡದೆ, ಆಮೇಲೆ ಜಿಲ್ಲಾಧಿಕಾರಿಗಳೇ ಬಂದು ಆಕೆಯ ಕೈಯಿಂದ ಏರಿಸಬೇಕಾಯಿತು. 2011ರಲ್ಲಿ ತಿರುನೆಲ್ವೇಲಿಯ ಬಳಿಯ ತಾಳೈಯೂತ್ತಿನ ಅಧ್ಯಕ್ಷೆಯು ಹೆಂಗಸರಿಗಾಗಿ ಶೌಚಾಲಯ ಕಟ್ಟಿಸಹೊರಟು ಮಚ್ಚಿನ ಏಟು ತಿಂದು ಬದುಕುಳಿದಳು. ಇವನ್ನೆಲ್ಲ ಓದಿ, ಅಯ್ಯೋ, ಅದು ಅಲ್ಲಿ, ಎಂದುಕೊಳ್ಳುವ ಗೃಹಸ್ಥರು ತಮ್ಮ ಊರಿನ ಪಂಚಾಯಿತಿಯ ಬಾಗಿಲಲ್ಲಿ ಒಂದು ಸಲ ನಿಂತು ಕುರ್ಚಿಗಳನ್ನು ಎಣಿಸಬಹುದು.

ವಿದ್ಯಾವಂತರ ಮನೆಗಳಲ್ಲಿ ನಾನು ಕೇಳುವ ಆಕ್ಷೇಪ ಇನ್ನೊಂದು. ಓದುಬರಹವಿಲ್ಲದವಳನ್ನು ತಂದು ಕೂರಿಸಿದರೆ ಮೋಸಹೋಗದೆ ಇನ್ನೇನು, ಮೊದಲು ವಿದ್ಯೆ, ಆಮೇಲೆ ಅಧಿಕಾರ ಎನ್ನುವರು. ಹರಿಯಾಣದಲ್ಲಿ 2015ರಲ್ಲಿ ಹಾಗೆಯೇ ಕಾನೂನಾಯಿತು. ಸಾಮಾನ್ಯ ಪುರುಷನಿಗೆ ಹತ್ತನೆಯ ತರಗತಿ, ಪರಿಶಿಷ್ಟ ಜಾತಿಯ ಸ್ತ್ರೀಗೆ ಪಂಚಸ್ಥಾನಕ್ಕೆ ಐದನೆಯ ತರಗತಿ ಎಂದು ಮಟ್ಟವನ್ನು ಗೊತ್ತುಮಾಡಿದರು. ಅದೇ ಡಿಸೆಂಬರ್ 10ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ರಾಜಸ್ಥಾನವು 2014ರಲ್ಲಿ ಅಂಥದೇ ನಿಯಮವನ್ನು ತಂದು 2019ರಲ್ಲಿ ತೆಗೆದುಹಾಕಿತು. ನಮ್ಮ ಕರ್ನಾಟಕದಲ್ಲಿ ಈ ನಿರ್ಬಂಧವಿಲ್ಲ. ಮೂವತ್ತೈದು ವರ್ಷ ಹಾಜರಿಪಟ್ಟಿ ಕೂಗಿದವನಾಗಿ ನಾನು ಒಂದು ಮಾತು ಹೇಳಬಲ್ಲೆ. ಸುಗ್ಗಿಯ ತಿಂಗಳಲ್ಲಿ ಯಾವ ಕೇರಿಯ ಹೆಣ್ಣುಮಕ್ಕಳ ಹೆಸರಿನ ಮುಂದೆ ಸೊನ್ನೆ ಬೀಳುತ್ತಿತ್ತು, ಮೂರನೆಯ ತರಗತಿಯಾದ ಮೇಲೆ ಯಾರ ಹೆಸರು ಪಟ್ಟಿಯಿಂದಲೇ ಇಳಿದುಹೋಗುತ್ತಿತ್ತು ಎಂಬುದು ನನಗೆ ಗೊತ್ತು. ಒಂದು ದಿನವೂ ನಾನು ಆ ಕೇರಿಗೆ ಹೋಗಿ, ಮಗು ಏಕೆ ಬರಲಿಲ್ಲವೆಂದು ವಿಚಾರಿಸಲಿಲ್ಲ. ನಾವು ಕಲಿಸದೆ ಬಿಟ್ಟುದಕ್ಕೆ ಶಿಕ್ಷೆ ಆಕೆಗೆ! ಆ ಸಂಜೆಯ ಸಭೆಯಲ್ಲಿ ಅಕ್ಷರ ಬಾರದವಳು ಆಕೆ, ಅಕ್ಷರ ಬಲ್ಲವನು ನಾನು. ಸತ್ಯವನ್ನು ಕೆಡಿಸಿದವರು ಯಾರೆಂದು ಮೇಲೆ ನೋಡಿದ್ದೇವೆ.

ಹಾಗೆಂದು ಮೀಸಲಿನಿಂದ ಬಂದವರೆಲ್ಲ ಸತ್ಯವಂತೆಯರೆಂದು ನಾನು ಹೇಳುವುದಿಲ್ಲ. ರಸ್ತೆಯ ಬಿಲ್ಲಿನಲ್ಲಿ ಪಾಲು ತಿಂದ ಅಧ್ಯಕ್ಷೆಯರನ್ನೂ ನಾನು ಬಲ್ಲೆ. ಗಂಡಸರಿಗಿಂತ ಹೆಚ್ಚು ತಿಂದರೆಂದು ಕೇಳಿಲ್ಲ. ನೀರಿನ ವಿಷಯದಲ್ಲಿ ಮಾತ್ರ ಒಂದು ಸಂಗತಿ ಗಮನಾರ್ಹ. ರಾಘವೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡುಫ್ಲೋ ಎಂಬ ವಿದ್ವಾಂಸರು ಬಂಗಾಳದ ಬೀರಭೂಮ ಜಿಲ್ಲೆಯಲ್ಲಿಯೂ ರಾಜಸ್ಥಾನದ ಉದಯಪುರದಲ್ಲಿಯೂ ಪಂಚಾಯಿತಿಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಪ್ರಬಂಧದಂತೆ, ಅಧ್ಯಕ್ಷಪದವಿ ಸ್ತ್ರೀಯರಿಗೆ ಮೀಸಲಾದ ಕಡೆ ಕುಡಿಯುವ ನೀರಿನ ಕೆಲಸಗಳು ಎರಡು ಸೀಮೆಗಳಲ್ಲಿಯೂ ಹೆಚ್ಚಾಗಿ ನಡೆದಿದ್ದುವು. ಕೊಡ ಹೊರುವವರಿಗೆ ನೀರಿನ ಬೆಲೆ ತಿಳಿದಿರುವುದು ಆಶ್ಚರ್ಯವಲ್ಲ.

ಇನ್ನು ಸಾಹಿತ್ಯವೆಂದು ನಾವು ಒಪ್ಪಿದ ಸಾಹಿತ್ಯದ ಕಡೆ ತಿರುಗೋಣ. ಹನ್ನೆರಡನೆಯ ಶತಮಾನದಲ್ಲಿ ಆಯ್ದಕ್ಕಿ ಲಕ್ಕಮ್ಮನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದ ಗಂಡ ಮಾರಯ್ಯನನ್ನು ತಡೆದು ಹಿಂದಕ್ಕೆ ಕಳುಹಿಸಿದಳೆಂಬುದು ಪ್ರಸಿದ್ಧ. ಪತಿಗೇ ತೀರ್ಪು ಹೇಳಿದ ಈ ಕಾಯಕದ ಹೆಣ್ಣನ್ನು ನಾವು ಭಾಷಣಗಳಲ್ಲಿ ಬಹಳ ಹೊಗಳುತ್ತೇವೆ. ಆಮೇಲಿನ ಕಾಲದಲ್ಲಿ ಅಂಥವಳನ್ನು ನಮ್ಮ 20ನೆಯ ಶತಮಾನದ ಗದ್ಯದಲ್ಲಿ ಹುಡುಕಿದರೆ, ಮೊದಲು ಕಾಣುವವಳು 1933ರಲ್ಲಿ ಹೊರಬಂದ ಕಾರಂತರ ‘ಚೋಮನ ದುಡಿ’ಯ ಬೆಳ್ಳಿ. ಅಪ್ಪನ ಸಾಲ ತೀರಿಸಲು ತೋಟಕ್ಕೆ ಹೋದವಳು ತೋಟದವರ ಕೈಗೆ ಸಿಕ್ಕುತ್ತಾಳೆ. ಚೋಮನಿಗೆ ಭೂಮಿ ಬೇಕೆಂಬ ಆಸೆಯಾದರೂ ಇದೆ, ದುಡಿಯಾದರೂ ಇದೆ. ಬೆಳ್ಳಿಗೆ ಏನು ಬೇಕೆಂದು ಕಾದಂಬರಿಯಲ್ಲಿ ಯಾರೂ ಕೇಳುವುದಿಲ್ಲ. ಇದನ್ನು ಕಾರಂತರ ದೋಷವೆನ್ನಲಾರೆ. ಕಂಡದ್ದನ್ನು ಕಂಡಹಾಗೆ ಬರೆದರು, ಆ ಧೈರ್ಯವೇ ಅಂದು ದೊಡ್ಡದು. ಮುಂದೆ ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಬಂದಾಗ ನಾನು ಬೆರಗಾದೆ. ಕಳೆದುಹೋದ ಒಂದು ಹುಂಜಕ್ಕಾಗಿ ಕೇರಿಯನ್ನೆಲ್ಲ ವಿಚಾರಣೆ ಮಾಡುವ ಮುದುಕಿ ಅವಳು. ತನ್ನ ಗುಡಿಸಿಲಿನ ಮಟ್ಟಿಗೆ ಅವಳೇ ಅಧ್ಯಕ್ಷೆ. ಅವಳ ಅಪ್ಪಣೆ, ಬೈಗುಳ, ಲೆಕ್ಕಾಚಾರ ಎಲ್ಲಕ್ಕೂ ಕರ್ತೃಪದವುಂಟು. ಆದರೆ ಕಡಲೆಕಾಯಿಯನ್ನು ಅರಸಿ ಪೋಲೀಸಿನವರು ಒಳಕ್ಕೆ ಬಂದ ಕ್ಷಣವೇ ಆ ರಾಜ್ಯ ಅಳಿಯುತ್ತದೆ.

ಈ ಎರಡು ಪುಸ್ತಕಗಳ ಮೇಲೆ ಇನ್ನಷ್ಟು ಹೊತ್ತು ನಿಲ್ಲಲು ಮನಸ್ಸಿದೆ, ಸ್ಥಳವಿಲ್ಲ. ಹೇಳಬೇಕಾದ ಮಾತು ಇಷ್ಟು. 1993ರಲ್ಲಿ ಸಾಕವ್ವನನ್ನು ಗುಡಿಸಿಲಿನಿಂದ ಪಂಚಾಯಿತಿಯ ಕೋಣೆಗೆ ಶಾಸನ ಕರೆದುತಂದಿತು. ನಮ್ಮ ಕಥೆಗಾರರಲ್ಲಿ ಹೆಚ್ಚಿನವರು ಆ ಕೋಣೆಯೊಳಕ್ಕೆ ಅವಳ ಹಿಂದೆ ಹೋಗಲಿಲ್ಲ. ನಾನು ಓದಿದ ಕಥೆಗಳಲ್ಲಿಯೂ ನೋಡಿದ ನಾಟಕಗಳಲ್ಲಿಯೂ ದಲಿತ ಅಧ್ಯಕ್ಷೆಯು ಒಂದೋ ಹೆಬ್ಬೆಟ್ಟೊತ್ತುವ ಗೊಂಬೆ, ಇಲ್ಲವೇ ಒಂದೇ ರಾತ್ರಿಯಲ್ಲಿ ಊರನ್ನು ತಿದ್ದುವ ದೇವತೆ. ಎರಡೂ ಬರೆಯುವುದಕ್ಕೆ ಸುಲಭ. ಎರಡಕ್ಕೂ ಲೇಖಕನು ಒಂದು ಸಭೆಗಾದರೂ ಹೋಗಿ ಮೂರು ಗಂಟೆ ಕುಳಿತಿರಬೇಕಾದ್ದಿಲ್ಲ. ಬಜೆಟ್ಟಿನ ಯಾವ ಕಲಮಿನ ಹೊತ್ತಿಗೆ ಕಾಫಿ ಬರುತ್ತದೆ, ಯಾವ ವಿಷಯಕ್ಕೆ ಎಲ್ಲರೂ ಒಟ್ಟಿಗೆ ಮಾತನಾಡಿ ಗದ್ದಲವೆಬ್ಬಿಸುತ್ತಾರೆ, ಯಾರ ಲೋಟ ಬೇರೆಯಾಗಿರುತ್ತದೆ, ಇವನ್ನು ನೋಡಿದವನಿಗೆ ಬರೆಯಲು ಗೊಂಬೆಯೂ ಬೇಡ ದೇವತೆಯೂ ಬೇಡ.

ಕಥೆಯಂತೆ ತೋರಿದರೂ ಚಿಂತೆಯಿಲ್ಲ, ನನ್ನ ಅನುಭವದ ಉಳಿದ ಭಾಗವನ್ನು ಹೇಳಿಬಿಡುತ್ತೇನೆ. 2020ರ ಡಿಸೆಂಬರಿನ ಚುನಾವಣೆಯಲ್ಲಿ ಅದೇ ಕೇರಿಯಿಂದ ಆ ಹೆಂಗಸಿನ ಸೊಸೆ ಗೆದ್ದಳು. ಅಧ್ಯಕ್ಷಸ್ಥಾನವು ಪರಿಶಿಷ್ಟ ಜಾತಿಯ ಸ್ತ್ರೀಗೆ ಬಂದುದರಿಂದ ಮೂವತ್ತು ತಿಂಗಳ ಅವಧಿಗೆ ಅಧ್ಯಕ್ಷೆಯೂ ಆದಳು. ಏಳನೆಯ ತರಗತಿಯವರೆಗೆ ನನ್ನ ಬಳಿಯೇ ಓದಿದವಳು. ಒಂದು ಸಂಜೆ ಮನೆಗೆ ಬಂದು, ಒಳಕ್ಕೆ ಕರೆದರೂ ಜಗುಲಿಯಲ್ಲೇ ಕುಳಿತು, ಅಚ್ಚಾದ ಹಾಳೆಯೊಂದನ್ನು ಮುಂದಿಟ್ಟಳು. “ಸಾರ್, ಇದಕ್ಕೆ ಸಹಿ ಹಾಕಬೇಕಂತೆ. ಒಂದ್ಸಲ ಓದಿ ಹೇಳ್ತೀರಾ?” ಈಗ ನಡವಳಿಯನ್ನು ಗಣಕಯಂತ್ರದಲ್ಲಿ ಅಚ್ಚುಮಾಡುತ್ತಾರೆ. ಪಂಚಾಯಿತಿಗಳು ಬಳಸುವ ತಂತ್ರಾಂಶಕ್ಕೆ ಪಂಚತಂತ್ರವೆಂದು ಹೆಸರು; ಇಟ್ಟವರು ವಿಷ್ಣುಶರ್ಮನನ್ನು ನೆನೆದೇ ಇಟ್ಟರೋ ಏನೋ. ಓದಿದೆ. ಗ್ರಾಮದ ಎಲ್ಲ ಭಾಗಗಳಿಗೂ ಸಮರ್ಪಕವಾಗಿ ನೀರು ಒದಗಿಸಲು ಸೂಕ್ತ ಕ್ರಮ ಕೈಗೊಳ್ಳುವುದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಇಪ್ಪತ್ತೇಳು ವರ್ಷಗಳಲ್ಲಿ ಒಂದಕ್ಷರ ಬದಲಾಗಿಲ್ಲ. ನಮ್ಮ ಜಿಲ್ಲೆಯ ಯಾವ ಕವಿಗೂ ಇಷ್ಟು ದೀರ್ಘವಾದ ಕೀರ್ತಿ ದೊರೆತಿಲ್ಲ.

“ಯಾರು ಏನು ಮಾಡ್ಬೇಕು ಅಂತ ಇದರಲ್ಲಿ ಎಲ್ಲಿದೆ ಸಾರ್?” ಎಂದು ಕೇಳಿದಳು. ಎಲ್ಲಿಯೂ ಇಲ್ಲವೆಂದೆ. ಆ ರಾತ್ರಿ ಜಗುಲಿಯ ದೀಪದಲ್ಲಿ ಇಬ್ಬರೂ ಕುಳಿತು, ಸಭೆಯಲ್ಲಿ ನಿಜವಾಗಿ ಆದ ಮಾತನ್ನು ಆಕೆ ಹೇಳಿದಂತೆ ಬರೆದೆವು. ನೀರುಗಂಟಿಯು ಬೆಳಗಿನ ಆರು ಗಂಟೆಗೆ ಒಂದು ವಾರ ಈ ಕೇರಿಗೆ, ಒಂದು ವಾರ ಆ ಕೇರಿಗೆ ಮೊದಲು ನೀರು ಬಿಡತಕ್ಕದ್ದು. ಬಿಡದಿದ್ದರೆ ಅಧ್ಯಕ್ಷೆಗೆ ಉತ್ತರ ಹೇಳತಕ್ಕದ್ದು. ಅಭಿವೃದ್ಧಿ ಅಧಿಕಾರಿಗಳು, ಇಷ್ಟು ವಿವರ ನಡವಳಿಯಲ್ಲಿ ಬೇಡವಮ್ಮ, ಎಂದರಂತೆ. ಇರಲಿ ಎಂದಳಂತೆ. ಇಬ್ಬರು ಸದಸ್ಯರು ಸಹಿ ಹಾಕಲಿಲ್ಲ; ಅದನ್ನೂ ಅವರ ಹೆಸರು ಹಿಡಿದು ಬರೆಯಿಸಿದಳು. ಹೀಗಾಗಿ ಸರ್ವಾನುಮತವೆಂಬ ಪದ ಆ ಪುಟದಲ್ಲಿ ಇಲ್ಲ. ನಾಲ್ಕು ತಿಂಗಳು ಆ ಕ್ರಮ ನಡೆಯಿತು. ಆಮೇಲೆ ಮೋಟಾರು ಸುಟ್ಟುಹೋಗಿ ಎಲ್ಲ ಕೇರಿಗಳೂ ಸಮವಾಗಿ ಬಾಯಾರಿದುವು. ಹೊಸ ಮೋಟಾರು ಬಂದ ಮೇಲೆ ಮತ್ತೆ ಜಗಳವಾಗಿ, ಕೊನೆಗೆ ಹೊತ್ತಿನ ಪಟ್ಟಿಯನ್ನು ಟ್ಯಾಂಕಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆಯಿಸಿದ್ದಾರೆ. ಆಕೆಯ ಅವಧಿ ಮುಗಿದರೂ ಬಣ್ಣ ಉಳಿದಿದೆ.

ಅತ್ತೆ ಈಗ ಹಣ್ಣುಮುದುಕಿ. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಹಿಂದೆಂದೂ ಹೋಗದ ಆ ಕೇರಿಗೆ ಹೋಗಿ, ಅಂದು ನಾನು ಬರೆದ ವಾಕ್ಯವನ್ನು ಆಕೆಯ ಮುಂದೆ ಬಾಯಿಪಾಠವಾಗಿ ಒಪ್ಪಿಸಿದೆ. ಕೇಳಿ, “ಚೆಂದಾಗದೆ ಐನೋರೆ. ಯಾರು ಹೇಳಿದ್ದು ಅದು?” ಎಂದಳು. ನಾನು ಉತ್ತರ ಕೊಡಲಿಲ್ಲ. ಸೊಸೆ ಕಾಫಿ ತಂದಿತ್ತಳು, ಕುಡಿದು ಬಂದೆ.

ಆ 1994ರ ಪುಸ್ತಕ ಪಂಚಾಯಿತಿಯ ಬೀರುವಿನಲ್ಲಿ ಇನ್ನೂ ಇದೆ. ಅಂಚನ್ನು ಗೆದ್ದಲು ತಿಂದಿದೆ. ನನ್ನ ವಾಕ್ಯದ ಪಕ್ಕದಲ್ಲಿ ತಿದ್ದುಪಡಿಯೊಂದನ್ನು ಬರೆಯಲು ಅವಕಾಶವುಂಟೇ ಎಂದು ಅಭಿವೃದ್ಧಿ ಅಧಿಕಾರಿಗಳನ್ನು ಕೇಳಿದೆ. ಸ್ಥಿರಪಡಿಸಿದ ನಡವಳಿಯನ್ನು ಹೊರಗಿನವರು ಮುಟ್ಟುವಂತಿಲ್ಲ ಎಂದರು. ಅವರ ಮಾತು ನ್ಯಾಯವಾದದ್ದೇ. ಆದುದರಿಂದ ಆ ದಿನದ ನೀರಿನ ವಿಷಯಕ್ಕೆ ಸಂಬಂಧಿಸಿದಂತೆ ನನ್ನ ಪಾಠ ಅಶುದ್ಧವೆಂದೂ, ಈ ಲೇಖನದ ಆರಂಭದಲ್ಲಿ ಕೊಟ್ಟಿರುವ ಆಕೆಯ ಮಾತೇ ಶುದ್ಧಪಾಠವೆಂದೂ ಇಲ್ಲಿ ಅಚ್ಚಿನಲ್ಲಿ ತಿಳಿಸಿದ್ದೇನೆ.